ಚಿನ್ನಿಯ ಕೆಚ್ಚು, ಭೀಮನ ಗತ್ತು

ಆರು ವರ್ಷ ನಮ್ಮ ತೋಟದಲ್ಲಿ ಎರಡು ನಾಯಿಗಳಿದ್ದವು. ಚಿನ್ನಿ, ಪಿಟ್‌ಬುಲ್ ಹೆಣ್ಣು, 24 ಕೆಜಿ. ಭೀಮ, ಬುಲ್ಲಿ ಕುತ್ತಾ ಗಂಡು, 62 ಕೆಜಿ. ಸಾಕಲಾಗದವರು ತಂದುಬಿಟ್ಟದ್ದಕ್ಕೆ ನನ್ನ ಪಾಲಿಗೆ ಬಂದವು. ಕಾದಾಟದ ತಳಿ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ ಜನ. ಸ್ವಭಾವ ನೋಡಿದರೆ ಎಮ್ಮೆಗೂ ಆಡಿಗೂ ಇರುವಷ್ಟು ದೂರ.

ಪಿಟ್‌ಬುಲ್‌ನ ಬೇರು ಇಂಗ್ಲೆಂಡಿನದು. ಕಟ್ಟಿಹಾಕಿದ ಹೋರಿಯ ಮೇಲೆ ನಾಯಿ ಛೂ ಬಿಡುವ ಆಟಕ್ಕೆ ಅಲ್ಲಿ 1835ರಲ್ಲಿ ಕಾನೂನು ಅಡ್ಡ ಬಂತು. ಆಮೇಲೆ ಗುಟ್ಟಾಗಿ ಆಡಿಸಬಹುದಾದ ನಾಯಿಕಾಳಗ ಬೆಳೆಯಿತು. ಬುಲ್‌ಡಾಗ್‌ನ ಹಿಡಿತ, ಟೆರಿಯರ್ ಅನ್ನುವ ಪುಟ್ಟ ಬೇಟೆನಾಯಿಯ ಚುರುಕು ಎರಡೂ ಬೇಕಾದವು, ಆ ಎರಡರ ಬೆರಕೆಯೇ ಪಿಟ್‌ಬುಲ್‌ನ ಮೂಲ. ಕಾದಾಡುವ ನಾಯಿಗಳನ್ನು ಬಿಡಿಸಲು ಮನುಷ್ಯ ಕೈ ಹಾಕಲೇಬೇಕಲ್ಲ, ಆ ಕೈಯನ್ನು ಕಚ್ಚುವ ನಾಯಿ ಯಾರಿಗೂ ಬೇಕಿರಲಿಲ್ಲ. ಇದರ ಗುರುತು ಚಿನ್ನಿಯಲ್ಲಿ ಎದ್ದು ಕಾಣುತ್ತಿತ್ತು. ಸಿಲಿಂಡರ್ ತಂದ ಹುಡುಗನ ಮುಂದೆ ಅಂಗಾತ ಬಿದ್ದು ಹೊಟ್ಟೆ ತೋರಿಸುವಳು. ಅದೇ ಬೇಲಿಯಾಚೆ ಒಂದು ನಾಯಿ ಸುಳಿದರೆ ಗುರ್ ಅನ್ನದೆ, ಬೊಗಳದೆ, ಮೈಯೆಲ್ಲ ಕಲ್ಲಾಗಿ ನಿಲ್ಲುವಳು. ಆ ಬಡಪಾಯಿ ಬಾಲ ಮುದುರಿ ಶರಣು ಅಂದರೂ ಆ ಭಾಷೆ ಇವಳಿಗೆ ತಿಳಿಯುತ್ತಿರಲಿಲ್ಲ.

ಭೀಮ ಪೂರ್ತಿ ಉಲ್ಟಾ. ಸಿಂಧ್, ಪಂಜಾಬಿನ ಕಡೆಯ ಈ ತಳಿಯನ್ನು ಕಾದಾಟಕ್ಕೂ ಬಳಸಿದ್ದಾರೆ, ಜಮೀನ್ದಾರರ ಮನೆ ಕಾಯಲೂ ಇಟ್ಟಿದ್ದಾರೆ. ನಮ್ಮ ಭೀಮ ಕಾವಲಿನ ಕಡೆಯವನು. ಬೀದಿನಾಯಿಗಳು ಅವನಿಗೆ ಲೆಕ್ಕಕ್ಕೇ ಇಲ್ಲ. ಹೊಸಬರು ಗೇಟು ದಾಟಿದರೆ ಮಾತ್ರ ದಾರಿಗೆ ಅಡ್ಡ ನಿಂತುಬಿಡುವನು. ನಾನು ಬಂದು ಹೆಗಲು ತಟ್ಟುವವರೆಗೆ ಅಲುಗುತ್ತಿರಲಿಲ್ಲ.

ದಮ್ಮಿನ ವಿಷಯ ಇನ್ನೂ ಸೋಜಿಗ. ಬೆಳಗ್ಗೆ ಆರಕ್ಕೆ ಕಾಲುವೆ ಏರಿಯ ಮೇಲೆ ನನ್ನ ಸೈಕಲ್ ಜೊತೆ ಚಿನ್ನಿ ಎಂಟು ಕಿಲೋಮೀಟರ್ ಓಡುವಳು. ಭೀಮ ಒಂದೂವರೆ ಕಿಲೋಮೀಟರಿಗೆ ಹೊಂಗೆ ಮರದ ಕೆಳಗೆ ಕೂತುಬಿಟ್ಟರೆ ಮುಗಿಯಿತು, ಜಗ್ಗಿದರೂ ಬರುತ್ತಿರಲಿಲ್ಲ. ಸೋಮಾರಿ ಅಂತ ಬೈದಿದ್ದೂ ಉಂಟು. ಒಂದು ಮಾರ್ಚ್‌ನಲ್ಲಿ ಹೊತ್ತು ಏರಿದ ಮೇಲೆ ಚಿನ್ನಿಯನ್ನು ಕರೆದೊಯ್ದೆ. ನಾಲಿಗೆ ಸೌಟಿನಷ್ಟು ಅಗಲವಾಗಿ ಜೋತುಬಿದ್ದಿತ್ತು, ಒಸಡು ಇಟ್ಟಿಗೆಯ ಕೆಂಪು, ಆದರೂ ಓಟ ನಿಲ್ಲಿಸಲಿಲ್ಲ. ಕೊನೆಗೆ ಹಿಂಗಾಲು ಸೋತು ಬಿದ್ದಳು. ಕಾಲುವೆ ನೀರನ್ನು ಹೊಟ್ಟೆಗೂ ತೊಡೆ ಸಂದಿಗೂ ಸುರಿದು, ಬೈಕ್ ಮೇಲೆ ದನದ ಡಾಕ್ಟರ ಹತ್ತಿರ ಒಯ್ದು ಡ್ರಿಪ್ ಹಾಕಿಸಿದೆ. ಭೀಮನದು ಸೋಮಾರಿತನ ಅಲ್ಲ, ತನ್ನ ಉಸಿರಿನ ಲೆಕ್ಕ ಬಲ್ಲ ಬುದ್ಧಿ ಅಂತ ಅವತ್ತು ಹೊಳೆಯಿತು. (ಪಕ್ಕದ ತೋಟದ ಮುಧೋಳ ನಾಯಿ ಈ ಇಬ್ಬರನ್ನೂ ಓಟದಲ್ಲಿ ಮಣ್ಣುಮುಕ್ಕಿಸುತ್ತಿತ್ತು. ಅದು ಬೇಟೆಯ ತಳಿ, ಜಗಳ ಅಂದರೆ ಹತ್ತು ಮಾರು ದೂರ.)

ಊಟಕ್ಕೆ ಭೀಮ ಮೂರು ಪಟ್ಟು ದುಬಾರಿ, ಅಷ್ಟೇ.

ಇವೆರಡನ್ನು ಕಾದಾಡಿಸಿ ನೋಡಿದ್ದೀಯಾ ಅಂತ ಕೇಳಿದವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅದು ಅಪರಾಧ, ಕಾಯ್ದೆ ಇರದಿದ್ದರೂ ನನ್ನಿಂದ ಆಗದ ಕೆಲಸ. ಒಂದು ಬಿಟ್ಟಾಗ ಇನ್ನೊಂದು ಒಳಗೆ, ಇದೇ ನಮ್ಮ ಕಟ್ಟುಪಾಡು. ಒಂದೇ ಸಲ ಶೆಡ್ಡಿನ ಚಿಲಕ ಹಾಕಲು ನಾನು ಮರೆತೆ. ಅರೆ ನಿಮಿಷದಲ್ಲೇ ಭೀಮನಿಗೆ ಸಾಕಾಗಿ ಹೋಗಿತ್ತು, ಮುಖ ತಿರುಗಿಸಿ ಮನೆ ಕಡೆ ಹೊರಟಿದ್ದ. ಚಿನ್ನಿ ಮಾತ್ರ ಅವನ ಕೆನ್ನೆಯ ಜೋಲು ಚರ್ಮಕ್ಕೆ ಜೋತುಬಿದ್ದೇ ಹೋಗುತ್ತಿದ್ದಳು. ಎರಡು ಕೊಡ ನೀರು ಸುರಿದರೂ ಬಿಡಲಿಲ್ಲ. ಹಿಂದಿನಿಂದ ಕೊರಳಪಟ್ಟಿಗೆ ಕೋಲು ತೂರಿಸಿ ತಿರುಚಿದ ಮೇಲೆ ಬಾಯಿ ತೆರೆದಳು.

ಭೀಮನಿಗೆ ಒಂಬತ್ತು ಹೊಲಿಗೆ. ಎರಡು ದಿನ ನನ್ನ ಮೇಲೆ ಮುನಿಸಿಕೊಂಡು ನುಚ್ಚು ಮುಟ್ಟಲಿಲ್ಲ. ಚಿನ್ನಿಯ ಕಿವಿ ಹರಿದು ರಕ್ತ ಸೋರುತ್ತಿತ್ತು. ಬಾಲ ಆಡಿಸುತ್ತ ನನ್ನ ಕೈ ನೆಕ್ಕುತ್ತಿದ್ದಳು, ಕಣ್ಣು ಮಾತ್ರ ಅವನು ಹೋದ ಬಾಗಿಲ ಮೇಲೇ ಇತ್ತು.