ಬ್ರಿಟಿಷರ ಕಾಲದ ಪೇಂಟಿಂಗ್ ಅಂತ ಮಾರುತ್ತಿದ್ದಾರೆ, ಹಿಂಭಾಗ ನೋಡದೆ ಕೊಳ್ಳಬೇಡಿ

ಬೆಳಗಾವಿಯಲ್ಲಿ ಹಳೇ ಸಾಮಾನು ಹುಡುಕಿ ಕೊಳ್ಳುವವರು ದಯವಿಟ್ಟು ಪೂರ್ತಿ ಓದಿ. 18,000 ರೂಪಾಯಿ ಕೊಟ್ಟು ಮನೆಗೆ ತಂದದ್ದು ಪೇಂಟಿಂಗ್ ಅಲ್ಲ. ಪ್ರಿಂಟ್! ಬರೀ ಪ್ರಿಂಟ್!

ಸಮುದ್ರದ ದಂಡೆ, ಛತ್ರಿ ಹಿಡಿದ ತಾಯಿ, ಮರಳಲ್ಲಿ ಗುಬ್ಬಿಗೂಡು ಕಟ್ಟುವ ಇಬ್ಬರು ಮಕ್ಕಳು, ಪ್ಯಾಂಟ್ ಮಡಚಿ ನೀರಿಗಿಳಿದ ಅಪ್ಪ. "ಕ್ಯಾಂಪಿನ ಹಳೇ ಬಂಗ್ಲೇದಾಗ ಸಿಕ್ಕದ್ರೀ, ಇಂಗ್ಲಿಷ್ ಆಫೀಸರ್ ಮನೀದು, 1920ರ ಹೊತ್ತಿಂದು" ಅಂದ ಮಾರಿದವನು. ಕ್ಯಾಂಪ್ ಅಂದರೆ ಇಲ್ಲಿನ ಕಂಟೋನ್ಮೆಂಟ್, ಅಲ್ಲಿ ಅಂಥ ಬಂಗಲೆಗಳಿವೆ, ಯಾರಾದರೂ ನಂಬುತ್ತಾರೆ ಅಲ್ವಾ? ಮುಟ್ಟಿದರೆ ಬ್ರಷ್ ಗೆರೆ ಕೈಗೆ ಸಿಗುತ್ತಿತ್ತು. ಹಿಂದೆ ಕಂದು ಕಾಗದ ಅಂಟಿಸಿತ್ತು.

ಫ್ರೇಮಿನ ಮೂಲೆ ಸಡಿಲಾಗಿದೆ ಅಂತ ಶಹಾಪುರದಲ್ಲಿ ಫ್ರೇಮ್ ಹಾಕುವವರ ಹತ್ತಿರ ಒಯ್ದೆ. ಅವರು ಕಾಗದ ಬಿಚ್ಚಿದರು. ಒಳಗೆ ಹಾಲಿನಂತೆ ಬೆಳ್ಳಗಿರುವ ಕ್ಯಾನ್ವಾಸ್, ಹೊಳೆಯುವ ಸ್ಟೇಪಲ್ ಪಿನ್. ಆ ಕಾಲದಲ್ಲಿ ಸಣ್ಣ ಮೊಳೆ ಹೊಡೆದು ಬಿಗಿಯುತ್ತಿದ್ದರು. ಪಿನ್ ಮಾತ್ರ ಆಗಿದ್ದರೆ ಆಮೇಲೆ ಯಾರೋ ರಿಪೇರಿ ಮಾಡಿದ್ದಾರೆ ಅಂದುಕೊಳ್ಳಬಹುದಿತ್ತು. ಅವರು ಭೂತಗನ್ನಡಿ ಕೊಟ್ಟು, "ಮಗೂನ ಮುಖ ನೋಡ್ರಿ ಅಕ್ಕಾರ" ಅಂದರು. ಚುಕ್ಕಿ, ಚುಕ್ಕಿ, ಬರೀ ಇಂಕಿನ ಚುಕ್ಕಿ. ಛತ್ರಿಯ ಅಂಚು ಒಂದು ಕಡೆ, ಬ್ರಷ್ ಗೆರೆ ಇನ್ನೊಂದು ಕಡೆ. ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದು ಗೆರೆ ಎಳೆದಿದ್ದಾರೆ, ಅಷ್ಟೇ. ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಬೀಗರಿಗೆಲ್ಲ ಕರೆದು ತೋರಿಸಿದ್ದೆ ಇದನ್ನ!

ಮಾರಿದವನಿಗೆ ಫೋನ್ ಮಾಡಿದೆ. ಮೊದಲು, "ಫ್ರೇಮ್ ಹಳೇದೈತಲ್ರೀ." ಆಮೇಲೆ, "ಕಾಗದ ಹರದೀರಿ, ಇನ್ನ ವಾಪಸ್ ತಗೊಳ್ಳಾಂಗಿಲ್ಲ." ಕಾಗದ ಅಂಟಿಸಿದ್ದೇ ಹಿಂಭಾಗ ಕಾಣಬಾರದು ಅಂತ. ಅದನ್ನು ಬಿಚ್ಚದೆ ಮೋಸ ಗೊತ್ತಾಗುವುದಾದರೂ ಹೇಗೆ? ಕೊನೆಗೆ ಹೇಳಿದ್ದು ಇನ್ನೂ ಮರೆತಿಲ್ಲ: "ನೀವs ಬದಲಿ ಮಾಡಿ ತಂದಿರಬಹುದು, ನಮಗೇನ್ ಗೊತ್ತರೀ?" ನಾನು ಕಳ್ಳಿ ಅಂತೆ! ಈಗ ಫೋನೇ ಎತ್ತುವುದಿಲ್ಲ.

ಕೊಟ್ಟ ಬಿಲ್ಲಿನಲ್ಲಿ "ವಾಲ್ ಫ್ರೇಮ್ 1" ಅಂತಷ್ಟೇ ಇದೆ. ನೀವು ಕೊಳ್ಳುವಾಗ "ಕೈಯಿಂದ ಬಿಡಿಸಿದ ಆಯಿಲ್ ಪೇಂಟಿಂಗ್, ಇಷ್ಟು ಹಳೇದು" ಅಂತ ಬಿಲ್ಲಿನಲ್ಲೇ ಬರೆಸಿ. ಹಿಂದಿನ ಕಾಗದ ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಿದ್ದೇನೆ, ಜಿಲ್ಲಾ ಗ್ರಾಹಕ ಆಯೋಗಕ್ಕೂ ಅರ್ಜಿ ಬರೆಯುತ್ತಿದ್ದೇನೆ. 5 ಲಕ್ಷದೊಳಗಿನ ಖರೀದಿಗೆ ಅಲ್ಲಿ ಫೀ ಇಲ್ಲ. ಛತ್ರಿ ಹಿಡಿದ ಇದೇ ತಾಯಿಯ ಚಿತ್ರ ನಿಮ್ಮ ಮನೆಯಲ್ಲೂ ಇದ್ದರೆ ನನಗೆ ತಿಳಿಸಿ, ಅರ್ಜಿಗೆ ಸಾಕ್ಷಿ ಬೇಕು.