ಕ್ಯಾಲ್ಸಿಯಂಗೆ ಯಾವುದು: ಮೊಸರೋ, ಗ್ರೀಕ್ ಯೋಗರ್ಟೋ, ಪನೀರೋ, ವ್ಹೇ ಪುಡಿಯೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಮನೆಯಲ್ಲಿ ಹೆಪ್ಪು ಹಾಕಿದ ಮಾಮೂಲಿ ಮೊಸರಿಗೆ, ಅದೂ ಅದರ ನೀರಿನ ಸಮೇತ. ಗ್ರೀಕ್ ಯೋಗರ್ಟ್ ಡಬ್ಬಿ ತಂದು ತಿಂದು ನೋಡಿದ ಮೇಲೆ ಈ ಅಭಿಪ್ರಾಯ ಇನ್ನಷ್ಟು ಬಲವಾಗಿದೆ. ಪ್ರೋಟೀನ್‌ಗೆ ಆ ಡಬ್ಬಿ ಅಡ್ಡಿಯಿಲ್ಲ. ಕ್ಯಾಲ್ಸಿಯಂಗೆ ಅಂತ ಕೊಂಡರೆ ದುಡ್ಡು ದಂಡ.

ಹೋಲಿಸುವ ಮೊದಲು ಹಾಲಿನೊಳಗೆ ಏನಿದೆ ನೋಡಿ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 118 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೊತೆಗೆ ಫಾಸ್ಫೇಟ್ ಕೂಡ ಧಾರಾಳ. ಇವೆರಡೂ ಬರೀ ನೀರಿನಲ್ಲಿ ಇಷ್ಟು ಪ್ರಮಾಣದಲ್ಲಿ ಸೇರಿದ್ದರೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆಯ ಹಾಗೆ ಕೂತುಬಿಡುತ್ತಿದ್ದವು. ಕೂರದಂತೆ ಹಿಡಿದಿರುವುದು ಕೇಸಿನ್, ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ಪಾಲು ಇದರದ್ದೇ. ಕೇಸಿನ್ ಎಳೆಯಲ್ಲಿ ಅಲ್ಲಲ್ಲಿ ಫಾಸ್ಫೇಟ್ ಅಂಟಿದ ಸೆರೀನ್‌ಗಳು (ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲೊಂದು) ಗುಂಪುಗುಂಪಾಗಿವೆ, ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುವುದು ಈ ಗುಂಪುಗಳೇ. ಹಾಲಿನ ಕ್ಯಾಲ್ಸಿಯಂನಲ್ಲಿ ಮೂರನೇ ಎರಡು ಭಾಗ ಹೀಗೆ ಕೇಸಿನ್ ಕಣಗಳೊಳಗೆ ಸೇರಿಕೊಂಡಿರುತ್ತದೆ, ಉಳಿದದ್ದು ನೀರಿನಲ್ಲಿ.

ಹೊಟ್ಟೆಯ ಹುಳಿಗೆ ಈ ಕ್ಯಾಲ್ಸಿಯಂ ಕರಗಿ ಹೊರಬರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಸಣ್ಣ ಕರುಳಿನಲ್ಲಿ ಹುಳಿ ತಗ್ಗಿದಂತೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮತ್ತೆ ಸೇರಿ ಗಟ್ಟಿಯಾಗಲು ನೋಡುತ್ತವೆ, ಗಟ್ಟಿಯಾದದ್ದು ಮೈಗೆ ಹತ್ತುವುದಿಲ್ಲ. ಅಷ್ಟರಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಕೇಸಿನ್ನನ್ನು ತುಂಡರಿಸಿರುತ್ತದೆ. ಆ ತುಂಡುಗಳಲ್ಲಿ ಫಾಸ್ಫೇಟ್ ಗುಂಪಿರುವವಕ್ಕೆ ಕೇಸಿನ್ ಫಾಸ್ಫೊಪೆಪ್ಟೈಡ್ ಅನ್ನುತ್ತಾರೆ. ಇವು ಸುಲಭಕ್ಕೆ ಜೀರ್ಣವಾಗದೆ ಉಳಿದು, ಕ್ಯಾಲ್ಸಿಯಂ ಗಟ್ಟಿಯಾಗದಂತೆ ಕರಗಿದ ಸ್ಥಿತಿಯಲ್ಲೇ ಹಿಡಿದಿಡುತ್ತವೆ. ಈ ತುಂಡುಗಳಿಂದ ಮಕ್ಕಳ ಮೂಳೆಗೆ ಸಹಾಯವಾಗುತ್ತದೆ ಅಂತ ಮೆಲ್ಲಾಂಡರ್ ಎಂಬ ವಿಜ್ಞಾನಿ 1950ರಲ್ಲೇ ಬರೆದಿದ್ದರು. ಹಾಗಂತ ಪವಾಡ ಅಂದುಕೊಳ್ಳಬೇಡಿ. ಮನುಷ್ಯರ ಮೇಲೆ ಮಾಡಿದ ಪ್ರಯೋಗಗಳ ಫಲಿತಾಂಶ ಎಲ್ಲ ಕಡೆ ಒಂದೇ ಥರ ಇಲ್ಲ. ಹಾಲಿನ ಕ್ಯಾಲ್ಸಿಯಂ ದೊಡ್ಡವರ ಮೈಗೆ ಹತ್ತುವುದು ಸುಮಾರು ಶೇ. 30, ಊಟದ ಜೊತೆ ನುಂಗಿದ ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯೂ ಅದರ ಹತ್ತಿರಕ್ಕೇ ಬರುತ್ತದೆ. ಪಾಲಕ್ ಸೊಪ್ಪಿನದ್ದಾದರೆ ಶೇ. 5ರ ಆಸುಪಾಸು, ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅದನ್ನು ಹಿಡಿದುಕೊಂಡುಬಿಡುತ್ತದೆ.

ಈಗ ಗ್ರೀಕ್ ಯೋಗರ್ಟಿನ ತಕರಾರು. ನಮ್ಮ ಉತ್ತರ ಕರ್ನಾಟಕದವರು ಶ್ರೀಖಂಡಕ್ಕೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವ ಮೊಸರೇ ಇದು, ಹೆಸರು ಮಾತ್ರ ಗ್ರೀಕ್. ಗಟ್ಟಿ ಇದೆ, ಪ್ರೋಟೀನ್ ದುಪ್ಪಟ್ಟಿದೆ, ಹಾಗಾದರೆ ಕ್ಯಾಲ್ಸಿಯಂ ಕೂಡ ದುಪ್ಪಟ್ಟಿರಬೇಕು ಅನ್ನಿಸುವುದು ಸಹಜ. ಹಾಗಿಲ್ಲ. ಹಾಲು ಹುಳಿಯಾಗುತ್ತಾ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 6.6ರಿಂದ 4.6ರ ಹತ್ತಿರ ಇಳಿಯುತ್ತದೆ. 5ರ ಸುಮಾರಿಗೆ ಬರುವಷ್ಟರಲ್ಲೇ ಕೇಸಿನ್ ಕಣದೊಳಗಿದ್ದ ಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚುಕಮ್ಮಿ ಪೂರ್ತಿ ಕರಗಿ ನೀರಿಗೆ ಬಂದಿರುತ್ತದೆ. ಕೇಸಿನ್ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಅಂದರೆ ಮೊಸರು ಹೆಪ್ಪಾದ ಮೇಲೆ ಪ್ರೋಟೀನ್ ಇರುವುದು ಗಟ್ಟಿಯಲ್ಲಿ, ಕ್ಯಾಲ್ಸಿಯಂ ಇರುವುದು ನೀರಿನಲ್ಲಿ. ಬಟ್ಟೆ ಕಟ್ಟಿ ಸಿಂಕಿಗೆ ಹರಿಯಬಿಟ್ಟದ್ದು ಅದನ್ನೇ.

ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಹಾಲಿನ ಮೊಸರಿನಲ್ಲಿ ಸುಮಾರು 1,180 ಮಿಲಿಗ್ರಾಂ ಕ್ಯಾಲ್ಸಿಯಂ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಸಿಯಲು ಇಟ್ಟರೆ ಅರ್ಧ ಲೀಟರಿನಷ್ಟು ನೀರು ಇಳಿಯುತ್ತದೆ, ಅದರ ಜೊತೆ ಕ್ಯಾಲ್ಸಿಯಂ ಕೂಡ ಅರ್ಧದಷ್ಟು ಹೋಯಿತು. ಉಳಿದ ಗಟ್ಟಿಯಲ್ಲಿ 100 ಗ್ರಾಂಗೆ ಕ್ಯಾಲ್ಸಿಯಂ ಮಾಮೂಲಿ ಮೊಸರಿನಷ್ಟೇ, ಸುಮಾರು 110. ಬೆಲೆ ಮಾತ್ರ ಎಷ್ಟೋ ಪಟ್ಟು.

ಡಬ್ಬಿ ಕೊಳ್ಳುವಾಗ ಪರೀಕ್ಷೆ ಸುಲಭ: ಲೇಬಲ್ಲಿನ ಕ್ಯಾಲ್ಸಿಯಂ ಮಿಲಿಗ್ರಾಂ ಅನ್ನು ಪ್ರೋಟೀನ್ ಗ್ರಾಂನಿಂದ ಭಾಗಿಸಿ. ಹಾಲಿಗೆ 36ರ ಸುಮಾರು ಬರುತ್ತದೆ. 10–12 ಬಂದರೆ ಹುಳಿಯಾದ ಮೇಲೆ ನೀರು ಬಸಿದ ಮಾಲು. ಹೆಪ್ಪು ಹಾಕುವ ಮೊದಲೇ ಹಾಲನ್ನು ಸೋಸಿ ಗಟ್ಟಿ ಮಾಡುವ ತಯಾರಕರೂ ಇದ್ದಾರೆ. ಅಲ್ಲಿ ಕ್ಯಾಲ್ಸಿಯಂ ಇನ್ನೂ ಕೇಸಿನ್ ಒಳಗೇ ಇರುವುದರಿಂದ ಈ ಸಂಖ್ಯೆ ಮೇಲೆ ನಿಲ್ಲುತ್ತದೆ. ಕ್ಯಾಲ್ಸಿಯಂ ಬರೆದೇ ಇಲ್ಲದ ಲೇಬಲ್ಲಾದರೆ ಅದರ ಮೇಲೆ ಭರವಸೆ ಇಡಬೇಡಿ.

ಮನೆಯ ಮೊಸರಿನಲ್ಲೂ ಇದೇ ನಷ್ಟ ಸಣ್ಣದಾಗಿ ನಡೆಯುತ್ತದೆ. ಮೇಲೆ ನಿಂತ ತಿಳಿ ಹಸಿರು ನೀರನ್ನು ಬಗ್ಗಿಸಿ ಚೆಲ್ಲುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಬಿಡಿ ಅದನ್ನು. ಕಲಸಿ ತಿನ್ನಿ, ಇಲ್ಲವೇ ಚಪಾತಿ ಹಿಟ್ಟು ಕಲಸಲು, ತಂಬುಳಿಗೆ ಬಳಸಿ. ನೀರೇ ಕಡಿಮೆ ಬಿಡಬೇಕೆಂದರೆ ಹಾಲು ಒಂದು ಉಕ್ಕು ಬಂದ ಕೂಡಲೇ ಇಳಿಸಬೇಡಿ, ಸಣ್ಣ ಉರಿಯಲ್ಲಿ ಇನ್ನೂ ಹತ್ತು ನಿಮಿಷ ಬಿಡಿ. ಆ ಬಿಸಿಗೆ ಹಾಲಿನ ವ್ಹೇ ಪ್ರೋಟೀನ್ (ಹಾಲು ಒಡೆದಾಗ ನೀರಿನಲ್ಲಿ ಉಳಿಯುವ ಪ್ರೋಟೀನ್) ಬಿಚ್ಚಿಕೊಂಡು ಕೇಸಿನ್‌ಗೆ ಅಂಟುತ್ತದೆ, ಮೊಸರಿನ ಹಿಡಿತ ಬಿಗಿಯಾಗುತ್ತದೆ. ಬೆರಳು ತಡೆಯುವಷ್ಟು ಬಿಸಿಗೆ, ಅಂದರೆ 40–43 ಡಿಗ್ರಿಗೆ ಇಳಿದ ಮೇಲೆ ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು ಸಾಕು. ಹೆಪ್ಪಾಗುವಾಗ ಪಾತ್ರೆ ಅಲುಗಾಡಿಸಿದರೆ ಮೊಸರು ಸೀಳಿ ನೀರು ಬಿಡುತ್ತದೆ.

ಟೋನ್ಡ್ ಹಾಲಾದರೂ ಪರವಾಗಿಲ್ಲ, ಕ್ಯಾಲ್ಸಿಯಂ ಕೊಬ್ಬಿನಲ್ಲಿ ಇಲ್ಲ. ಅದೇ ಕಾರಣಕ್ಕೆ ಬೆಣ್ಣೆ ತೆಗೆದ ಮಜ್ಜಿಗೆಯೂ ಪೂರ್ತಿ ಮಾರ್ಕ್ಸ್ ತಗೊಳ್ಳುತ್ತದೆ, ಮೂರು ಪಾಲು ನೀರು ಬೆರೆಸದಿದ್ದರೆ.

ಪನೀರ್ ನನ್ನ ಎರಡನೇ ಆಯ್ಕೆ. ಇದರಲ್ಲೂ ನೀರು ಬಸಿಯುತ್ತೇವೆ, ಆದರೆ ನಷ್ಟ ಅಷ್ಟಿಲ್ಲ. ಹಾಲನ್ನು ಬಿಸಿಯಲ್ಲಿ ಒಡೆಯುತ್ತೇವೆ, ಹುಳಿ ಪಿಎಚ್ 5.3ರ ಹತ್ತಿರ ನಿಲ್ಲುತ್ತದೆ. ಬಿಸಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಕರಗುವುದೂ ಕಮ್ಮಿ, ಹಾಗಾಗಿ ಗಟ್ಟಿಯಲ್ಲೇ ಉಳಿಯುತ್ತದೆ. 100 ಗ್ರಾಂ ಪನೀರಿನಲ್ಲಿ ಸುಮಾರು 476 ಮಿಲಿಗ್ರಾಂ, ಒಂದು ಲೀಟರ್ ಹಸುವಿನ ಹಾಲಿಗೆ ಪನೀರ್ ಬರುವುದು 180 ಗ್ರಾಂ ಆಸುಪಾಸು. ನಿಂಬೆರಸ ಸುರಿಯುತ್ತಲೇ ಹೋಗಬೇಡಿ. ನೀರು ತಿಳಿಯಾಗಿ ಹಸಿರು ಬಣ್ಣಕ್ಕೆ ತಿರುಗಿದ ಕೂಡಲೇ ಕೈ ನಿಲ್ಲಿಸಿ. ಅದರಾಚೆಗೆ ಬಿದ್ದ ಪ್ರತಿ ಚಮಚವೂ ಕ್ಯಾಲ್ಸಿಯಂ ಅನ್ನು ನೀರಿಗೆ ತಳ್ಳುತ್ತದೆ, ಪನೀರೂ ಹುಳಿ ಹೊಡೆಯುತ್ತದೆ.

ವ್ಹೇ ಪುಡಿ ಮಾಂಸಖಂಡಕ್ಕೆ ಸರಿ. ಅದರಲ್ಲಿ ಕೇಸಿನ್ ಇಲ್ಲ, ಫಾಸ್ಫೇಟ್ ಗುಂಪಿನ ಆ ತುಂಡುಗಳೂ ಹುಟ್ಟುವುದಿಲ್ಲ. ಐಸೊಲೇಟ್ ಅಂತ ಬರೆದದ್ದರಲ್ಲಿ ಪ್ರೋಟೀನ್ ಜಾಸ್ತಿ, ಖನಿಜ ಕಮ್ಮಿ. ಹಾಲಿಗೆ ಬೆರೆಸಿ ಕುಡಿದರೆ ಕ್ಯಾಲ್ಸಿಯಂ ಬರುವುದು ಹಾಲಿನಿಂದ.

ಅಂಗಡಿಯ ಸೋಯಾ, ಬಾದಾಮಿ ಹಾಲು: ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ. ಚೆನ್ನಾಗಿ ಕುಲುಕದಿದ್ದರೆ ಕೊನೆಯ ಲೋಟಕ್ಕೇ ಎಲ್ಲ.

ರಾಗಿಯನ್ನು ಈ ಸ್ಪರ್ಧೆಗೆ ಇಳಿಸಿಲ್ಲ, ಅದು ಮೊಸರಿನ ಜೊತೆಗಾರ. 100 ಗ್ರಾಂಗೆ 364 ಮಿಲಿಗ್ರಾಂ ಕಾಗದದ ಮೇಲಿನ ಅಂಕಿ, ಧಾನ್ಯದಲ್ಲೇ ಇರುವ ಫೈಟೇಟ್ ಎಂಬ ವಸ್ತು ಅದರಲ್ಲಿ ಒಂದಷ್ಟನ್ನು ಕಟ್ಟಿಹಾಕುತ್ತದೆ. ಮೊಳಕೆ ಕಟ್ಟಿದರೆ, ಅಂಬಲಿ ಮಾಡಿ ಹುಳಿಸಿದರೆ ಫೈಟೇಟ್ ತಗ್ಗುತ್ತದೆ. ಫೈಟೇಟ್ ಇರುವ ಊಟದ ಸತುವು ಮೈಗೆ ಹತ್ತಲು ಹಾಲಿನ ಪ್ರೋಟೀನೂ ನೆರವಾಗುತ್ತದೆ. ಅಂಬಲಿಗೆ ಮಜ್ಜಿಗೆ ಬೆರೆಸುವ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಮೊಸರು ಸೋಲುವುದು ಕಬ್ಬಿಣದ ವಿಷಯದಲ್ಲಿ. ಕ್ಯಾಲ್ಸಿಯಂ ಕೂಡ, ಕೇಸಿನ್ ಕೂಡ ಸೊಪ್ಪು-ಕಾಳಿನ ಕಬ್ಬಿಣ ಹೀರಿಕೆಗೆ ಅಡ್ಡ ಬರುತ್ತವೆ. ಅದೇ ಫಾಸ್ಫೇಟ್ ಗುಂಪುಗಳು ಕಬ್ಬಿಣವನ್ನು ಕ್ಯಾಲ್ಸಿಯಂಗಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ರಕ್ತಹೀನತೆ ಇರುವವರು ಮುದ್ದೆ-ಬಸ್ಸಾರಿಗೆ ನಿಂಬೆ ಹಿಂಡಿಕೊಂಡು, ಮಜ್ಜಿಗೆಯನ್ನು ಸಂಜೆಗೆ ಇಟ್ಟುಕೊಳ್ಳಲಿ. ಕಬ್ಬಿಣದ ಮಾತ್ರೆಗೂ ಹಾಲು-ಮೊಸರಿಗೂ ಎರಡು ಗಂಟೆ ಅಂತರ, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು.

ದಿನಕ್ಕೆ ದೊಡ್ಡವರಿಗೆ ಬೇಕಾದದ್ದು 1,000 ಮಿಲಿಗ್ರಾಂ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದೆ. ಅರ್ಧ ಲೀಟರ್ ಪ್ಯಾಕೆಟ್ ಹಾಲನ್ನು ಮೊಸರು ಮಾಡಿದರೆ ಸುಮಾರು 590 ಬಂತು. ಕಾಫಿಗೆ ಸುರಿಯುವ ಹಾಲು, ರಾಗಿ, ಸೊಪ್ಪು ಸೇರಿ ಉಳಿದದ್ದು ತುಂಬುತ್ತದೆ. ಒಂದೇ ಸಲಕ್ಕೆ 500 ದಾಟಿದರೆ ಮೈಗೆ ಹತ್ತುವ ಪಾಲು ಇಳಿಯುತ್ತದೆ, ಅದಕ್ಕೆ ನಾನು ಮಧ್ಯಾಹ್ನ ಅನ್ನದ ಜೊತೆ ಒಂದು ಬಟ್ಟಲು, ಉಳಿದದ್ದನ್ನು ಕಡೆದು ಸಂಜೆಗೆ ಎರಡು ಲೋಟ ಮಜ್ಜಿಗೆ ಮಾಡಿಕೊಳ್ಳುತ್ತೇನೆ. ಗ್ರೀಕ್ ಯೋಗರ್ಟ್ ಬೇಕೇ ಬೇಕು ಅನ್ನುವವರು ಮನೆಯಲ್ಲೇ ಬಟ್ಟೆ ಕಟ್ಟಿ, ಕೆಳಗೊಂದು ಪಾತ್ರೆ ಇಡಿ. ಇಳಿದ ನೀರಿಗೆ ಉಪ್ಪು, ಶುಂಠಿ, ಕರಿಬೇವು ಹಾಕಿ ಕುಡಿದರೆ ಲೆಕ್ಕ ಸರಿಹೋಗುತ್ತದೆ.