ಶೀಟ್ ಮನೆಯಲ್ಲಿ ಟಿವಿ ಮಾತು ಕೇಳಿಸಬೇಕಾದರೆ: ನಾಲ್ಕು ಬಗೆಯ ಸ್ಪೀಕರ್ ಹಾಕಿ ನೋಡಿದ್ದು

ಕೊಡಗಿನ ಜುಲೈ ಮಳೆಯಲ್ಲಿ ಟಿವಿಯ ವಾಲ್ಯೂಮ್ ನೂರಕ್ಕೆ ಏರಿಸಿದರೂ ಸೀರಿಯಲ್‌ನ ಅತ್ತೆ ಏನು ಬೈದಳು ಅಂತ ಗೊತ್ತಾಗುವುದಿಲ್ಲ. ನಮ್ಮ ಮನೆ ಸುಂಟಿಕೊಪ್ಪ ದಾಟಿ ತೋಟದ ಒಳಗೆ. ಹಳೆಯ ಭಾಗಕ್ಕೆ ಹೆಂಚು, ಆಮೇಲೆ ಕಟ್ಟಿದ ಹಾಲ್‌ಗೆ ಶೀಟ್. ಟಿವಿ ಇರುವುದು ಆ ಶೀಟಿನ ಕೆಳಗೇ. ಹಾಗಾಗಿ ನಾನು ಸ್ಪೀಕರ್ ಹುಡುಕಿದ್ದು ಸಿನಿಮಾ ಥಿಯೇಟರ್ ಥರ ಸೌಂಡ್ ಬೇಕು ಅಂತ ಅಲ್ಲ. ಅವ್ವನಿಗೆ ಮಾತು ತಿಳಿಯಬೇಕು, ಒಂದೇ ರಿಮೋಟ್‌ನಲ್ಲಿ ಎಲ್ಲ ಆಗಬೇಕು, ಗುಂಯ್ ಅನ್ನುವ ಸದ್ದು ಇರಬಾರದು. ರಾತ್ರಿ ನನಗೆ ಒಂದೆರಡು ಹಾಡು ಚೆನ್ನಾಗಿ ಕೇಳಿಸಿದರೆ ಅದು ಲಾಭ.

ಟಿವಿಯದ್ದೇ ಸ್ಪೀಕರ್ ಯಾಕೆ ಸಾಲುವುದಿಲ್ಲ? ಈಗಿನ ಟಿವಿ ತೆಳ್ಳಗೆ. ಸ್ಪೀಕರ್‌ಗೆ ಜಾಗವೇ ಇಲ್ಲ. ಇರುವ ಎರಡು ಪುಟ್ಟ ಸ್ಪೀಕರ್‌ಗಳೂ ಕೆಳಕ್ಕೋ ಗೋಡೆಯ ಕಡೆಗೋ ಮುಖ ಮಾಡಿರುತ್ತವೆ. ಹಳೆಯ ಡಬ್ಬಿ ಟಿವಿಗಳಲ್ಲಿ ಸ್ಪೀಕರ್ ಸಾಮಾನ್ಯವಾಗಿ ನಮ್ಮ ಕಡೆಗೇ ನೋಡುತ್ತಿತ್ತು, ಅದಕ್ಕೇ ಮಾತು ಸ್ಪಷ್ಟವಾಗಿತ್ತು. ಇನ್ನು ಶೀಟ್ ಮೇಲಿನ ಮಳೆಯಲ್ಲಿ ದಪ್ಪ ಸದ್ದು, ತೆಳು ಸದ್ದು ಎಲ್ಲವೂ ಸೇರಿರುತ್ತದೆ. ಮಾತಿನಲ್ಲಿ ಸ, ಶ, ಚ, ತ ಇವನ್ನೆಲ್ಲ ನಾವು ಬೇರೆ ಬೇರೆಯಾಗಿ ಗುರುತು ಹಿಡಿಯುವುದು ಹೆಚ್ಚಾಗಿ 2 ಕಿಲೋಹರ್ಟ್ಸ್‌ನಿಂದ ಮೇಲಿನ ತೆಳು ಸದ್ದಿನಿಂದ. ಮಳೆ ಮೊದಲು ನುಂಗುವುದು ಅದನ್ನೇ. ಬಾಸ್ ಎಷ್ಟು ಏರಿಸಿದರೂ ಇಲ್ಲಿ ಪ್ರಯೋಜನ ಇಲ್ಲ. ಸ್ಪೀಕರ್ ನಮ್ಮ ಕಡೆ ನೋಡಬೇಕು, ಹತ್ತಿರ ಇರಬೇಕು. ಡಬ್ಬದ ಮೇಲೆ ಬರೆದ ವ್ಯಾಟ್ ಆಮೇಲಿನ ಮಾತು.

ಎಲ್ಲಕ್ಕಿಂತ ಅಗ್ಗದ್ದು ಮನೆಯಲ್ಲೇ ಇತ್ತು. ಮಗನ ಕಂಪ್ಯೂಟರ್ ಟೇಬಲ್ ಮೇಲೆ ಧೂಳು ಹಿಡಿದಿದ್ದ ಎರಡು ಚಿಕ್ಕ ಸ್ಪೀಕರ್. ಟಿವಿ ಹಿಂದಿನ ಹೆಡ್‌ಫೋನ್ ತೂತಿಗೆ ಅದರ ಪಿನ್ ಚುಚ್ಚಿದರೆ ಆಯಿತು. ಪಿನ್ ಹಾಕಿದ ಕೂಡಲೇ ಟಿವಿಯ ಸ್ಪೀಕರ್ ತಾನಾಗಿ ಸುಮ್ಮನಾಯಿತು. ವಾಲ್ಯೂಮ್ ಟಿವಿ ರಿಮೋಟ್‌ನಲ್ಲೇ ಏರುತ್ತದೆ, ಇಳಿಯುತ್ತದೆ. ಅವ್ವ ಹೊಸದಾಗಿ ಕಲಿಯುವುದು ಏನೂ ಇಲ್ಲ. ಎರಡನ್ನೂ ಟಿವಿಯ ಅಕ್ಕಪಕ್ಕ ಮುಂದಕ್ಕೆ ತಿರುಗಿಸಿಟ್ಟೆ. ಖರ್ಚಿಲ್ಲದೆ ಮಾತು ಇಷ್ಟು ಸುಧಾರಿಸುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಇದರಲ್ಲಿ ಎರಡು ಸಣ್ಣ ಉಪಾಯ ಇದೆ. ಟಿವಿ ವಾಲ್ಯೂಮ್ ಮುಕ್ಕಾಲಿನಷ್ಟು ಇಟ್ಟು, ಸ್ಪೀಕರ್‌ನ ಗುಂಡಿಯಲ್ಲಿ ಬೇಕಾದಷ್ಟು ತಿರುಗಿಸಿ. ಟಿವಿ ಕಡಿಮೆ, ಸ್ಪೀಕರ್ ಪೂರ್ತಿ ಇಟ್ಟರೆ ಸುಸ್ ಅನ್ನುವ ಸದ್ದು ಜಾಸ್ತಿ ಬರುತ್ತದೆ. ಇನ್ನೊಂದು, ಈ ಸ್ಪೀಕರ್‌ಗಳಿಗೆ ಕರೆಂಟ್ ಯುಎಸ್‌ಬಿಯಿಂದ. ಟಿವಿಯ ಯುಎಸ್‌ಬಿಗೇ ಸಿಕ್ಕಿಸಿದಾಗ ಕೀಂ ಅನ್ನುತ್ತಿತ್ತು. ಮೊಬೈಲ್ ಚಾರ್ಜರ್‌ಗೆ ಹಾಕಿದ ಮೇಲೆ ನಿಂತಿತು. ಹಾಡಿಗೆ ಮಾತ್ರ ಇದು ಆಗುವುದಿಲ್ಲ. ತಬಲಾ ಡಬ್ಬ ಬಡಿದ ಹಾಗೆ ಕೇಳಿಸುತ್ತದೆ. ಮಳೆಗಾಲದ ಥಂಡಿಗೆ ಪಿನ್ ಮಂಕಾಗಿ ಒಂದು ಕಡೆಯ ಸ್ಪೀಕರ್ ಆಗಾಗ ಕರಕರ ಅನ್ನುತ್ತದೆ. ಪಿನ್ ತೆಗೆದು ಒರೆಸಿ ಹಾಕಿದರೆ ಸರಿ. ಹೊಸ ಟಿವಿ ಕೊಳ್ಳುವವರು ಹಿಂದೆ ಬಗ್ಗಿ ನೋಡಿ, ಕೆಲವು ಮಾಡೆಲ್‌ಗಳಲ್ಲಿ ಹೆಡ್‌ಫೋನ್ ತೂತೇ ಇರುವುದಿಲ್ಲ.

ಬ್ಲೂಟೂತ್ ಸ್ಪೀಕರ್ ಹಾಕಿ ನೋಡು ಅಂತ ಎಲ್ಲರೂ ಹೇಳುತ್ತಾರೆ. ವೈರ್ ಇಲ್ಲ, ರಗಳೆ ಇಲ್ಲ. ನಿಜ ಹೇಳಬೇಕೆಂದರೆ ಮಳೆಯ ವಿರುದ್ಧ ಇದೇ ಗೆದ್ದಿತು. ಟಿವಿ ಪಕ್ಕ ಇಡದೆ ಅವ್ವನ ಕುರ್ಚಿ ಪಕ್ಕದ ಸ್ಟೂಲ್ ಮೇಲೆ ಇಟ್ಟೆ. ತೆರೆದ ಜಾಗದಲ್ಲಿ ಸ್ಪೀಕರ್‌ನ ದೂರ ಅರ್ಧಕ್ಕೆ ಇಳಿದರೆ ಸದ್ದು 6 ಡೆಸಿಬೆಲ್ ಏರುತ್ತದೆ. ಮನೆಯೊಳಗೆ ಗೋಡೆಗಳಿಂದಲೂ ಸದ್ದು ಬರುವುದರಿಂದ ಅಷ್ಟು ಲಾಭ ಸಿಗುವುದಿಲ್ಲ, ಆದರೂ ಕಿವಿಗೆ ಚೆನ್ನಾಗಿ ಗೊತ್ತಾಗುತ್ತದೆ. ಮಳೆ ಮಾತ್ರ ಹಾಲ್‌ನ ಎಲ್ಲ ಮೂಲೆಯಲ್ಲೂ ಒಂದೇ. "ಈಗ ಬೈಯೋದೂ ಸರಿಯಾಗಿ ಕೇಳ್ತದೆ" ಅಂದರು ಅವ್ವ.

ಆದರೆ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಬ್ಲೂಟೂತ್‌ನಲ್ಲಿ ಸದ್ದನ್ನು ಕಿರಿದು ಮಾಡಿ ಕಳಿಸಿ, ಆ ಕಡೆ ಬಿಚ್ಚಿ ನುಡಿಸಬೇಕು. ಸಾಮಾನ್ಯವಾಗಿ ಬಳಸುವ ಎಸ್‌ಬಿಸಿ ವಿಧಾನದಲ್ಲಿ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ತಡವಾಗುತ್ತದೆ. ಸೀರಿಯಲ್‌ನಲ್ಲಿ ಅವ್ವನಿಗೆ ಅದು ತೊಂದರೆ ಅನಿಸಲೇ ಇಲ್ಲ. ನನಗೆ ಕ್ರಿಕೆಟ್‌ನಲ್ಲಿ ಸಹಿಸಲಾಗಲಿಲ್ಲ. ಬ್ಯಾಟಿಗೆ ತಾಗಿದ ಚೆಂಡು ಹೊರಟ ಮೇಲೆ ಟಕ್ ಅನ್ನುತ್ತದೆ! ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಡಿಲೇ ಅಂತ ಇರುತ್ತದೆ, ಆದರೆ ಅನೇಕ ಟಿವಿಗಳಲ್ಲಿ ಅದು ಸದ್ದನ್ನು ಇನ್ನಷ್ಟು ತಡ ಮಾಡುತ್ತದೆಯೇ ಹೊರತು ಹಿಂದಕ್ಕೆ ಎಳೆಯುವುದಿಲ್ಲ. ಕಡಿಮೆ ತಡದ ಆಪ್ಟಿಎಕ್ಸ್ ಲೋ ಲೇಟೆನ್ಸಿ ಎಂಬುದು ಇದೆ, ಸುಮಾರು 40 ಮಿಲಿಸೆಕೆಂಡ್. ಅದು ಕಳಿಸುವ ಕಡೆಯೂ ಇರಬೇಕು, ಕೇಳುವ ಕಡೆಯೂ ಇರಬೇಕು. ನಮ್ಮ ಎರಡರಲ್ಲೂ ಇಲ್ಲ.

ಮತ್ತೆ ಚಾರ್ಜ್ ಮಾಡುವ ಕೆಲಸ ಬೇರೆ. ರಜೆಗೆ ಬಂದ ಮಕ್ಕಳ ಫೋನಿಗೆ ಸ್ಪೀಕರ್ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಸೀರಿಯಲ್ ನಡುವೆ ಯಾವುದೋ ರೀಲ್ಸ್ ಶುರು. ಇನ್ನೂ ಒಂದು ವಿಷಯ ಕೊಳ್ಳುವ ಮೊದಲೇ ತಿಳಿದಿರಲಿ: ಟಿವಿಯಲ್ಲಿ ಬ್ಲೂಟೂತ್ ಇದೆ ಅಂದ ಮಾತ್ರಕ್ಕೆ ಸ್ಪೀಕರ್ ಹಿಡಿಯುತ್ತದೆ ಅಂತಲ್ಲ, ಕೆಲವು ಟಿವಿಗಳಲ್ಲಿ ಅದು ರಿಮೋಟ್‌ಗಷ್ಟೇ.

ಸೌಂಡ್‌ಬಾರ್, ಅಂದರೆ ಟಿವಿ ಮುಂದೆ ಇಡುವ ಉದ್ದನೆಯ ಸ್ಪೀಕರ್, ತಂದಿದ್ದು ಕುಶಾಲನಗರದಿಂದ. ಜೊತೆಗೆ ದಪ್ಪ ಸದ್ದಿಗೆಂದೇ ಇರುವ ಒಂದು ಸಬ್‌ವೂಫರ್ ಡಬ್ಬ. ಇದನ್ನು ಜೋಡಿಸಲು ಒಳ್ಳೆಯ ದಾರಿ, ಚಿತ್ರ, ಸದ್ದು ಎರಡೂ ಒಂದೇ ವೈರ್‌ನಲ್ಲಿ ಹೋಗುವ ಎಚ್‌ಡಿಎಂಐಯ ಎಆರ್‌ಸಿ. 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದ ಸೌಲಭ್ಯ ಇದು. ಅದಕ್ಕೂ ಮೊದಲು ಈ ವೈರ್‌ನಲ್ಲಿ ಸದ್ದು ಟಿವಿಯ ಒಳಗೆ ಮಾತ್ರ ಬರುತ್ತಿತ್ತು, ಎಆರ್‌ಸಿಯಲ್ಲಿ ಹೊರಗೂ ಹೋಗುತ್ತದೆ. ಟಿವಿ ಹಿಂದೆ ಮೂರು ಎಚ್‌ಡಿಎಂಐ ಇದ್ದರೂ ಎಆರ್‌ಸಿ ಅಂತ ಬರೆದಿರುವುದು ಸಾಮಾನ್ಯವಾಗಿ ಒಂದರ ಮೇಲೆ. ಅದಕ್ಕೇ ಹಾಕಬೇಕು. ಒಂದೇ ರಿಮೋಟ್‌ನಲ್ಲಿ ಎರಡನ್ನೂ ನಡೆಸಲು ಸೆಟ್ಟಿಂಗ್‌ನಲ್ಲಿ ಸಿಇಸಿ ಅನ್ನುವುದನ್ನು ಆನ್ ಮಾಡಬೇಕು. ಒಂದೊಂದು ಕಂಪನಿ ಇದಕ್ಕೆ ಒಂದೊಂದು ಹೆಸರು ಇಟ್ಟಿದೆ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಅದು ಆನ್ ಆದರೆ ಟಿವಿ ಜೊತೆ ಬಾರ್ ತಾನೇ ಆನ್, ವಾಲ್ಯೂಮ್ ಟಿವಿ ರಿಮೋಟ್‌ನಲ್ಲಿ. ತುಟಿಗೂ ಮಾತಿಗೂ ಹೊಂದಾಣಿಕೆ ಸರಿಯಾಗಿತ್ತು. 2017ರ ಎಚ್‌ಡಿಎಂಐ 2.1ರಲ್ಲಿ ಇದರ ಸುಧಾರಿಸಿದ ರೂಪ ಇಎಆರ್‌ಸಿ ಬಂತು. ಸೀರಿಯಲ್, ವಾರ್ತೆ, ಕ್ರಿಕೆಟ್‌ಗೆ ಅದರ ಅಗತ್ಯ ಏನೂ ಇಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ.

ಕಂಪ್ಯೂಟರ್ ಸ್ಪೀಕರ್‌ಗೆ ಹೋಲಿಸಿದರೆ ಬಾರ್‌ನ ದನಿ ತುಂಬಿಕೊಂಡಿದೆ. ಮಾತಿಗೆಂದೇ ಒಂದು ಮೋಡ್ ಇದೆ, ರಿಮೋಟ್‌ನಲ್ಲಿ ವಾಯ್ಸ್ ಅಂತ ಒತ್ತಿದರೆ ಮಳೆಯಲ್ಲೂ ಅಕ್ಷರ ಬಿಡಿಸಿ ಕೇಳಿಸುತ್ತದೆ. ಸಬ್‌ವೂಫರ್ ಮಾತ್ರ ನಮ್ಮ ಮನೆಗೆ ಹೇಳಿದ್ದಲ್ಲ. ಕಿಟಕಿ ಗಾಜು, ಸ್ಟೀಲ್ ಬೀರು ಎಲ್ಲ ಜೊತೆಗೆ ಹಾಡುತ್ತವೆ. ಮಳೆಯ ಗದ್ದಲಕ್ಕೆ ಇದೂ ಸೇರಿದರೆ ಮಾತು ಮತ್ತೆ ಮುಳುಗುತ್ತದೆ. ಬಾಸ್ ಪೂರ್ತಿ ಇಳಿಸಿ ಇಟ್ಟಿದ್ದೇನೆ. ಎಂದರೆ ಆ ಡಬ್ಬಕ್ಕೆ ಕೊಟ್ಟ ದುಡ್ಡು ದಂಡವೇ. ಸಬ್‌ವೂಫರ್ ಇಲ್ಲದ, ಮಾತಿಗೆ ನಡುವೆ ಬೇರೆಯೇ ಸ್ಪೀಕರ್ ಇರುವ ಬಾರ್ ಸಿಕ್ಕರೆ ನಮ್ಮಂಥ ಮನೆಗೆ ಅದೇ ಸರಿ.

ಬಾರ್‌ಗೆ ಇನ್ನೆರಡು ತಕರಾರು. ಎತ್ತರ ಸ್ವಲ್ಪ ಜಾಸ್ತಿಯಾದರೂ ಟಿವಿಯ ರಿಮೋಟ್ ಕಣ್ಣಿಗೆ ಅಡ್ಡ ಬರುತ್ತದೆ, ಅಳತೆ ನೋಡಿ ತನ್ನಿ. ಎರಡನೆಯದು ಕರೆಂಟ್. ನಮ್ಮಲ್ಲಿ ಗಾಳಿ ಬೀಸಿದರೆ ಸಾಕು, ಎಲ್ಲೋ ಕೊಂಬೆ ಲೈನ್ ಮೇಲೆ ಬಿದ್ದಿರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಟಿವಿಗೂ ಬಾರ್‌ಗೂ ಒಮ್ಮೊಮ್ಮೆ ಪರಿಚಯ ಮರೆತುಹೋಗುತ್ತದೆ. ಸದ್ದು ಟಿವಿಯಿಂದಲೇ ಬರುತ್ತದೆ. ಎರಡನ್ನೂ ಸ್ವಿಚ್‌ನಲ್ಲೇ ಆಫ್ ಮಾಡಿ ಮತ್ತೆ ಹಾಕಬೇಕು. ಮನೆಯಲ್ಲಿ ನಾನಿಲ್ಲದಿದ್ದರೆ ಆ ದಿನ ಅವ್ವನಿಗೆ ಸೀರಿಯಲ್ ಇಲ್ಲ. ಕಂಪ್ಯೂಟರ್ ಸ್ಪೀಕರ್‌ಗೆ ಈ ಗೋಳೇ ಇರಲಿಲ್ಲ.

ಇನ್ನು ಅಪ್ಪನ ಕಾಲದ ಸ್ಟೀರಿಯೋ ಆಂಪ್ಲಿಫೈಯರ್, ಎರಡು ಮರದ ಬಾಕ್ಸ್ ಸ್ಪೀಕರ್. ನನ್ನ ಮನಸ್ಸು ಮೊದಲಿಂದಲೂ ಇದರ ಮೇಲೇ ಇತ್ತು. ಸ್ಪೀಕರ್ ಕೋನ್ ಸುತ್ತಲಿನ ಫೋಮ್ ನಮ್ಮ ಥಂಡಿಗೆ ಪುಡಿಯಾಗಿತ್ತು, ಮೈಸೂರಿನಲ್ಲಿ ಬದಲಾಯಿಸಿಕೊಂಡು ಬಂದೆ. ಹೆಡ್‌ಫೋನ್ ತೂತಿನಿಂದ ಕೆಂಪು-ಬಿಳಿ ಪಿನ್ ವೈರ್ ಎಳೆದು ಆಂಪ್ಲಿಫೈಯರ್‌ನ ಆಕ್ಸ್ ತೂತಿಗೆ ಹಾಕಿದ ಕೂಡಲೇ ಗುಂಯ್ ಶುರು. ಟಿವಿಗೆ ಬರುವ ಡಿಶ್ ವೈರ್ ಎಳೆದು ತೆಗೆದರೆ ಗುಂಯ್ ನಿಲ್ಲುತ್ತದೆ, ಹಾಕಿದರೆ ಮತ್ತೆ ಬರುತ್ತದೆ. ಡಿಶ್ ವೈರ್‌ನ ಹೊರಗಿನ ಲೋಹದ ಜಾಲರಿ ಒಂದು ಕಡೆ ನೆಲಕ್ಕೆ ಸೇರಿರುತ್ತದೆ, ಆಂಪ್ಲಿಫೈಯರ್‌ನ ಮೂರು ಪಿನ್ ಪ್ಲಗ್ ಇನ್ನೊಂದು ಕಡೆ. ಎರಡು ಅರ್ಥ್ ನಡುವೆ ಸುತ್ತುವ ಕರೆಂಟೇ ಆ ಗುಂಯ್. ಇದಕ್ಕೆ ಕೆಲವರು ಅರ್ಥ್ ಪಿನ್ ಮುರಿದು ಹಾಕಿ ಅನ್ನುತ್ತಾರೆ. ಯಾವ ಕಾರಣಕ್ಕೂ ಮಾಡಬೇಡಿ. ಒದ್ದೆ ಗೋಡೆ, ಒದ್ದೆ ನೆಲದ ಊರು ನಮ್ಮದು.

ಸರಿಯಾದ ಪರಿಹಾರ ಆಪ್ಟಿಕಲ್. ತೋಷಿಬಾ ಕಂಪನಿ 1983ರಲ್ಲಿ ತಂದ ತೋಸ್‌ಲಿಂಕ್ ಎಂಬ ವೈರ್ ಇದು. ಒಳಗೆ ತಾಮ್ರ ಇಲ್ಲ, ಸದ್ದು ಬೆಳಕಾಗಿ ಹೋಗುತ್ತದೆ. ಟಿವಿಗೂ ಆಂಪ್ಲಿಫೈಯರ್‌ಗೂ ನಡುವೆ ಕರೆಂಟಿನ ಸಂಬಂಧವೇ ಇಲ್ಲದ ಕಾರಣ ಗುಂಯ್‌ಗೆ ದಾರಿ ಇಲ್ಲ. ಹಳೆಯ ಆಂಪ್ಲಿಫೈಯರ್‌ಗೆ ಬೆಳಕಿನ ಭಾಷೆ ಬರುವುದಿಲ್ಲವಲ್ಲ, ಅದಕ್ಕೆ ನಡುವೆ ಆ ಡಿಜಿಟಲ್ ಸದ್ದನ್ನು ಮಾಮೂಲಿ ಸದ್ದಿನ ಸಿಗ್ನಲ್‌ಗೆ ಬದಲಿಸುವ, ಡ್ಯಾಕ್ ಅನ್ನುವ ಬೆಂಕಿಪೊಟ್ಟಣದ ಗಾತ್ರದ ಪೆಟ್ಟಿಗೆ ಬೇಕು. ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ವೈರ್‌ನ ಎರಡು ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದು ಹಾಕಿ. ಗೋಡೆ ಮೂಲೆಯಲ್ಲಿ ಚೂಪಾಗಿ ಬಗ್ಗಿಸಬೇಡಿ. ಮುಖ್ಯವಾಗಿ ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಂಗೆ, ಅಂದರೆ ಕಿರಿದು ಮಾಡದ ಸಾದಾ ಸದ್ದಿಗೆ, ಇಡಬೇಕು. ಡಾಲ್ಬಿ ಅಥವಾ ಬಿಟ್‌ಸ್ಟ್ರೀಮ್‌ನಲ್ಲಿದ್ದರೆ ಸೀರಿಯಲ್ ಕೇಳಿಸಬಹುದು, ಮೊಬೈಲ್ ಡೇಟಾದಲ್ಲಿ ಹಾಕಿದ ಡಾಲ್ಬಿ ಸದ್ದಿನ ಸಿನಿಮಾ ಮಾತ್ರ ಮೂಕ ಆಗುತ್ತದೆ. ಸಾದಾ ಡ್ಯಾಕ್‌ಗೆ ಡಾಲ್ಬಿ ಬಿಡಿಸಲು ಬರುವುದಿಲ್ಲ.

ಸೌಂಡ್ ಬಗ್ಗೆ ಹೇಳುವುದಾದರೆ ಬೇರೆ ಮೂರೂ ಇದರ ಹತ್ತಿರ ಬರುವುದಿಲ್ಲ. ಬಾಕ್ಸ್‌ಗಳನ್ನು ಕೂತವರ ಕಿವಿಯ ಎತ್ತರಕ್ಕೆ ಇಟ್ಟು ಸ್ವಲ್ಪ ಒಳಕ್ಕೆ ತಿರುಗಿಸಿದ್ದೇನೆ. ಹಾಡುವವರು ಎರಡರ ನಡುವೆ ನಿಂತ ಹಾಗೆ ಕೇಳಿಸುತ್ತದೆ. ಹಾಕಿ ಪಂದ್ಯದ ಗದ್ದಲದಲ್ಲೂ ಕಾಮೆಂಟರಿ ಬೇರೆಯಾಗಿ ತಿಳಿಯುತ್ತದೆ. ಅವ್ವನಿಗೆ ಮಾತ್ರ ಇದು ಬೇಡ. ನಮ್ಮ ಟಿವಿಯಲ್ಲಿ ಆಪ್ಟಿಕಲ್‌ನಿಂದ ಹೊರಡುವ ಸದ್ದು ಯಾವಾಗಲೂ ಒಂದೇ ಮಟ್ಟ, ಬಹಳಷ್ಟು ಟಿವಿಗಳಲ್ಲಿ ಹೀಗೇ. ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ. ಜಾಹೀರಾತು ಬಂದಾಗ ಎದ್ದು ಹೋಗಿ ಗುಂಡಿ ತಿರುಗಿಸಬೇಕು. ಹಳೆಯ ಇನ್ವರ್ಟರ್ ಮೇಲೆ ಓಡುವಾಗ ಆಂಪ್ಲಿಫೈಯರ್ ಬೇರೆ ಥರ ಗುರ್ ಅನ್ನುತ್ತದೆ. ಅದು ಸ್ಕ್ವೇರ್ ವೇವ್ ಇನ್ವರ್ಟರ್‌ನ ದೋಷ, ಆಪ್ಟಿಕಲ್‌ನಿಂದ ಹೋಗುವಂಥದ್ದಲ್ಲ.

ಸೆಟ್‌ಟಾಪ್ ಬಾಕ್ಸ್‌ನ ಕೆಂಪು-ಬಿಳಿ ಪಿನ್‌ನಿಂದ ನೇರವಾಗಿ ಆಂಪ್ಲಿಫೈಯರ್‌ಗೆ ಎಳೆಯುವವರೂ ಇದ್ದಾರೆ. ಔಟ್‌ಪುಟ್ಟೇ ಇಲ್ಲದ ಟಿವಿಗೆ ಸರಿ. ಆದರೆ ಜೋರು ಮಳೆಯಲ್ಲಿ ಡಿಶ್ ಸಿಗ್ನಲ್ಲೇ ಹೋಗುತ್ತದೆ. ಆಗ ಟಿವಿಯ ಆ್ಯಪ್‌ನಲ್ಲಿ ನೋಡೋಣ ಅಂದರೆ ಅದರ ಸದ್ದು ಆಂಪ್ಲಿಫೈಯರ್‌ಗೆ ಬರುವುದಿಲ್ಲ.

ಈಗ ಹಾಲ್‌ನಲ್ಲಿ ಸೌಂಡ್‌ಬಾರ್ ಇದೆ, ಆಪ್ಟಿಕಲ್‌ನಲ್ಲಿ ಆಂಪ್ಲಿಫೈಯರ್ ಕೂಡ ಇದೆ. ಸಂಜೆ ಬಾರ್, ಅವ್ವ ಮಲಗಿದ ಮೇಲೆ ಬಾಕ್ಸ್. ದುಡ್ಡು ಹಾಕುವ ಮನಸ್ಸಿಲ್ಲದವರು ಕಂಪ್ಯೂಟರ್ ಸ್ಪೀಕರ್‌ನಲ್ಲೇ ನಿಂತರೂ ನಷ್ಟ ಇಲ್ಲ, ನನ್ನ ಪ್ರಕಾರ ಅದು ಬ್ಲೂಟೂತ್‌ಗಿಂತ ಮೇಲು. ಕಿವಿ ತೀರಾ ಮಂದವಾದ ಹಿರಿಯರು ಇದ್ದರೆ ಮಾತ್ರ ಬ್ಲೂಟೂತ್ ತಂದು ಕುರ್ಚಿ ಪಕ್ಕ ಇಡಿ.

ಯಾವುದನ್ನೇ ಜೋಡಿಸಿದರೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮೊದಲೇ ಯೋಚನೆ ಮಾಡಿ. ಪಕ್ಕದ ತೋಟದ ಮನೆಯಲ್ಲಿ ಸಿಡಿಲು ಡಿಶ್ ವೈರ್ ಹಿಡಿದು ಬಂದು ಸೆಟ್‌ಟಾಪ್ ಬಾಕ್ಸ್, ಟಿವಿ, ಎಚ್‌ಡಿಎಂಐಯಲ್ಲಿದ್ದ ಬಾರ್ ಮೂರನ್ನೂ ಸುಟ್ಟಿತು. ಎಚ್‌ಡಿಎಂಐ, ಹೆಡ್‌ಫೋನ್ ಪಿನ್ ಎಲ್ಲ ತಾಮ್ರವೇ, ಒಂದಕ್ಕೆ ಬಡಿದರೆ ಇನ್ನೊಂದಕ್ಕೆ ದಾಟುತ್ತದೆ. ಆಪ್ಟಿಕಲ್ ವೈರ್ ದಾಟಿಸುವುದಿಲ್ಲ, ಆದರೆ ಪ್ಲಗ್ ದಾರಿಯಿಂದ ಬರುವುದನ್ನು ಅದೂ ತಡೆಯಲಾರದು. ಮೋಡ ಕಪ್ಪಾಗುವಾಗಲೇ ಡಿಶ್ ವೈರ್ ಬಿಚ್ಚಿ, ಎಲ್ಲ ಪ್ಲಗ್ ಕೀಳಿ. ಗುಡುಗು ಶುರುವಾಗಿಬಿಟ್ಟಿದ್ದರೆ ವೈರ್ ಮುಟ್ಟಲು ಹೋಗಬೇಡಿ. ಟಿವಿ ಹೋದರೆ ಇನ್ನೊಂದು ತರಬಹುದು.